ಎರಡು ಹಲ್ಲು ಕಡಿಮೆ

ಖಾಸಬಾಗ, ಬೆಳಗಾವಿ
12 ನವೆಂಬರ್ 2024

ಪ್ರೀತಿಯ ಬೀರಣ್ಣನಿಗೆ ನಿನ್ನ ಮೀರಾಸಾಬನ ಸಲಾಮು.

ನಾಲ್ಕು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಸಿಟ್ಟಾಗಬೇಡ. ಬಾಯಲ್ಲಿ ಹೇಳಲು ಹೋದರೆ ಮೊದಲ ಮಾತಿಗೇ ಬೈದು ಇಟ್ಟುಬಿಡುತ್ತೀ. ಅದಕ್ಕೇ ಒಂದೇ ಬೆಂಚಿನಲ್ಲಿ ಕೂತು ಕಲಿತ ಅಕ್ಷರವನ್ನು ನಂಬಿ ಬರೆಯುತ್ತಿದ್ದೇನೆ. ಎರಡು ಹಾಳೆ ಹರಿದು ಹಾಕಿದೆ, ಇದು ಮೂರನೆಯದು. ನಡುವೆ ಸುಮ್ಮನೆ ಎದ್ದು ನನ್ನ ಗ್ಯಾರೇಜಿನ ಬಾಗಿಲ ತನಕ ಹೋಗಿ ಬಂದೆ.

ರವಿವಾರ ಅನಗೋಳದ ಗಿರಾಕಿ ಬರುತ್ತಾನೆ, ಗಾಡಿ ಕೊಟ್ಟುಬಿಡುತ್ತೇನೆ ಅಂದೆಯಲ್ಲ. ಮೂವತ್ತೆಂಟು ವರ್ಷ ಓಡಿಸಿದ ಯೆಜ್ಡಿ ಬೈಕು! "ಅದಕ್ಕೂ ದಮ್ಮಿಲ್ಲ, ನನಗೂ ದಮ್ಮಿಲ್ಲ. ಇಬ್ಬರದೂ ಮುಗೀತೋ ಮೀರಾ" ಅಂದೆ. ಮಾರಬೇಡ ಬೀರಣ್ಣಾ. ಎಂಜಿನ್ನಿಗೆ ಏನೂ ಆಗಿಲ್ಲ. ನಿನಗೂ ಏನೂ ಆಗಿಲ್ಲ. ಆಗಿದ್ದೆಲ್ಲ ನನ್ನ ಕೈಯಿಂದ.

ಶ್ರಾವಣದಲ್ಲಿ ಸರ್ವಿಸಿಗೆ ಬಂದಾಗ ಭರಮವ್ವನನ್ನು ಗ್ಯಾರೇಜಿನಲ್ಲಿ ಕೂರಿಸಿ ನೀನು ಪೇಟೆಗೆ ಹೋದೆ, ನೆನಪಿದೆಯಾ? ನೀನು ಮರೆಯಾದದ್ದೇ ತಡ, ನಿನ್ನ ಹೆಂಡತಿ ಶುರು ಮಾಡಿದಳು. "ಅಣ್ಣಾ, ಹೊಸ ರಸ್ತೆ ಆದಾಗಿಂದ ಇವರು ಹುಡುಗರ ಜೋಡಿ ಪಂದ್ಯಾ ಕಟ್ಟಿದಂಗ ಓಡಸ್ತಾರ. ಹೇಳಿ ಹೇಳಿ ನನ್ನ ಬಾಯಿ ಸೋತೈತಿ. ಗಾಡಿ ಜೋರ ಓಡಬಾರದು ನೋಡ್ರಿ, ಆದ್ರ ನೀವು ಏನ ಮಾಡೀರಿ ಅಂತ ಅವರಿಗೆ ಗೊತ್ತಾಗಬಾರದು."

ಇಂಥ ರಿಪೇರಿಯನ್ನು ಯಾವ ಮೇಸ್ತ್ರಿಗೆ ಯಾರು ಹೇಳಿಯಾರು! ಆದರೂ ನನಗೆ ನಗು ಬರಲಿಲ್ಲ. ಎಂಜಿನ್ ಬಳಿ ಚೈನ್ ಎಳೆಯುವ ಹಲ್ಲಿನ ಚಕ್ರ ಇದೆಯಲ್ಲ, ಆ ಸ್ಪ್ರಾಕೆಟ್ ತೆಗೆದು, ಎರಡು ಹಲ್ಲು ಕಡಿಮೆ ಇರುವುದನ್ನು ಕೂರಿಸಿದೆ. ಚೈನಿನ ಕೊಂಡಿ ಬಿಚ್ಚಿ ಹೊಂದಿಸಿದೆ. ಈಗ ದಿಬ್ಬ ಏರಲು ಗಾಡಿ ಎತ್ತಿನಂತೆ ಜಗ್ಗುತ್ತದೆ. ಐವತ್ತು ದಾಟಿದರೆ ಮಾತ್ರ ಎಂಜಿನ್ ಒದರುತ್ತದೆ, ಓಟ ಬರುವುದಿಲ್ಲ.

ಎಂಟು ದಿನಕ್ಕೆ ನೀನು ಹಾಜರು. "ಪಿಸ್ಟನ್ ಹೋತೇನೋ? ಯಾಕ ಇಷ್ಟು ಒದರತೈತಿ?" ನಾನು ಪ್ಲಗ್ ಉಜ್ಜುತ್ತ, ನಿನ್ನ ಮುಖ ನೋಡದೆ, "ವಯಸ್ಸಾತಲ್ಲೋ ಅದಕ್ಕ" ಅಂದೆ. ಎಂಜಿನ್ ಒಣಗಿದೆ ಎಂದುಕೊಂಡು ನೀನು ಪೆಟ್ರೋಲಿಗೆ ಎರಡು ಪಟ್ಟು ಆಯಿಲ್ ಸುರಿದೆ, ಖಾನಾಪುರಕ್ಕೆಲ್ಲ ಹೊಗೆ ಹಾಕಿದೆ. ಸೊಳ್ಳೆ ಓಡಿಸುವ ಗಾಡಿ ಬಂತು ಎಂದು ಮಂದಿ ನಕ್ಕರಂತೆ. ಅವತ್ತಿನಿಂದ ನೀನು ಗಾಡಿ ಹೊರಗೆ ತೆಗೆದಿಲ್ಲ.

ಕಟ್ಟೆಯ ಮೇಲೆ ಕೂತರೆ ಏಳುವುದಿಲ್ಲ, ಊಟವನ್ನೂ ಅರ್ಧಕ್ಕೇ ಬಿಡುತ್ತೀ ಎಂದು ಮೊನ್ನೆ ಭರಮವ್ವ ಫೋನಿನಲ್ಲಿ ಅತ್ತಳು. "ಗಾಡಿ ಓಟ ಕಡಿಮಿ ಮಾಡ್ರಿ ಅಂದಿದ್ನಿ ಅಣ್ಣಾ, ಮನಷ್ಯಾನ ನಿಲ್ಲಸ್ರಿ ಅಂದಿರಲಿಲ್ಲ."

ಅದಕ್ಕೇ ಅವಳಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ. ನಿನ್ನ ಹಳೆಯ ಸ್ಪ್ರಾಕೆಟ್ಟು, ಬಿಚ್ಚಿದ ಕೊಂಡಿ ಎರಡನ್ನೂ ಈ ಪತ್ರದ ಜೊತೆ ಕಟ್ಟಿ ಖಾನಾಪುರದ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತೇನೆ. ಹಾಕುವುದು ಬಿಡುವುದು ನಿನಗೇ ಬಿಟ್ಟದ್ದು. ಆಯಿಲ್ ಮಾತ್ರ ಲೀಟರ್ ಪೆಟ್ರೋಲಿಗೆ ನಲವತ್ತು ಎಮ್ಮೆಲ್ ದಾಟಿಸಬೇಡ. ಸೈಲೆನ್ಸರಿನಲ್ಲಿ ಮಸಿ ಕಟ್ಟಿರುತ್ತದೆ, ಬಿಚ್ಚಿ ಕೆರೆಸು. ಭರಮವ್ವನನ್ನು ಬೈಯಬೇಡ. ಬೈಯುವುದಿದ್ದರೆ ಇಲ್ಲಿಗೆ ಬಾ, ಗಾಡಿಯ ಮೇಲೇ ಬಾ.

ಅಲ್ಲಾಹನೂ ನಿಮ್ಮ ಬೀರದೇವರೂ ಸೇರಿ ನಿಮ್ಮಿಬ್ಬರನ್ನು ಕಾಯಲಿ. ನಿನ್ನನ್ನು ಕಾಯಲು ಒಬ್ಬರಿಂದ ಆಗುವುದಿಲ್ಲ.

ನಿನ್ನವ,
ಮೀರಾಸಾಬ

ತಾ.ಕ.: ಭರಮವ್ವ ಕೇಳಿದ ಕೂಡಲೇ ಯಾಕೆ ಒಪ್ಪಿದೆ ಎಂದು ನೀನು ಕೇಳದೇ ಬಿಡುವವನಲ್ಲ. ಒಂಬತ್ತು ವರ್ಷದ ಹಿಂದೆ ನನ್ನ ಮಗ ಶಾದಾಬನನ್ನು ಮಣ್ಣಿಗೆ ಒಯ್ದಾಗ ನೀನು ಹೆಗಲು ಕೊಟ್ಟವ. ಬೈಕಿನಿಂದ ಬಿದ್ದ ಎನ್ನುವುದಷ್ಟೇ ನಿನಗೆ ಗೊತ್ತು. ಅದಕ್ಕೆ ವಾರ ಮೊದಲು ಅವನ ತಾಯಿ ಶಮಶಾದ ಗ್ಯಾರೇಜಿಗೆ ಬಂದು, ಅವನ ಗಾಡಿಯ ಓಟ ಕಡಿಮೆ ಮಾಡಿಕೊಡಿ ಎಂದು ಇದೇ ಮಾತು ಕೇಳಿದ್ದಳು. ನಾನು ನಕ್ಕು ಕಳಿಸಿದೆ. ಅದೇ ಸಂಜೆ ಅವನು ಬಂದು, ಓಟ ಇನ್ನೂ ಏರಬೇಕು, ಒಂದು ಹಲ್ಲು ಹೆಚ್ಚಿರುವ ಸ್ಪ್ರಾಕೆಟ್ ಬೇಕು ಎಂದ. ಹಾಕಿಕೊಟ್ಟೆ. ಶಮಶಾದಳಿಗೆ ಇವತ್ತಿಗೂ ಹೇಳಿಲ್ಲ.