ಖಾಸಿಂ ಚಾಚಾ ಬರೆದ ಕೈಪಿಡಿ

ಖಾಸಿಂ ಚಾಚಾ,

ಕೈಪಿಡಿಯ ರಟ್ಟಿನ ಮೇಲೆ ನಿಮ್ಮ ಹೆಸರು ಹಾಕಿಸುತ್ತೇವೆ ಎಂದರು ಮಾಲೀಕರು, ಹಾಕಲಿಲ್ಲ. ಧೂಳಿನಿಂದ ಆಫೀಸಿನೊಳಗೆ ಕರೆದು ಕುರ್ಚಿ ಕೊಡುತ್ತೇವೆ ಎಂದರು, ಕೊಡಲಿಲ್ಲ. ಆಯುಧ ಪೂಜೆಯ ದಿನ ಎಲ್ಲರೆದುರು ಶಾಲು ಹೊದಿಸುತ್ತೇವೆ ಎಂದರು. ಆ ಶಾಲು ಮಾಲೀಕರ ಅಳಿಯನ ಹೆಗಲೇರಿತು. ನಮ್ಮ ಕಲ್ಲು ಕೊಯ್ಯುವ ಯಂತ್ರದ ಜೊತೆ ಶಹಾಬಾದಿನಿಂದ ಸೇಡಂ, ಚಿಂಚೋಳಿಯ ಗಣಿಗಳಿಗೆ ಹೋಗುವ ಕೈಪಿಡಿಯಲ್ಲಿ, ನೀವು ತೀರಿಹೋಗಿ ವರ್ಷವಾದರೂ, ಬರೆದವನು ಆ ಇಂಜಿನಿಯರ್ ಅಳಿಯನೇ. ಅವನಿಗೆ ಒಂದು ಬೆಲ್ಟ್ ಬಿಚ್ಚಲು ಬರುತ್ತದೆಯೇ, ಚಾಚಾ?

ಫಿಟ್ಟರ್ ಕೆಲಸ ಮುಗಿಸಿ ನೀವು ಆ ಪುಸ್ತಕ ಬರೆದ ರೀತಿ ಕಣ್ಣ ಮುಂದಿದೆ. ಕರೆಂಟ್ ತೆಗೆದು, ಓದು ಬಾರದ ಗಣಿ ಕೂಲಿ, ಭಂಕೂರಿನ ನಾಗಮ್ಮನನ್ನು ಯಂತ್ರದ ಮುಂದೆ ನಿಲ್ಲಿಸಿ, ಒಂದೊಂದೇ ವಾಕ್ಯ ಓದುತ್ತಿದ್ದಿರಿ. ಕೇಳಿದಂತೆ ಆಕೆ ಮಾಡಬೇಕು. ಕೈ ಎಲ್ಲಿ ತಡೆಯಿತೋ ಆ ವಾಕ್ಯಕ್ಕೆ ಗೀಟು.

“ಎಷ್ಟ ಸಲ ಹೊಡದ ಹಾಕ್ತೀರಿ? ನನಗ ಬುದ್ಧಿ ಇಲ್ಲಂತ ತಿಳೀರಿ, ಬಿಡ್ರಿ!”

“ಬುದ್ಧಿ ಇಲ್ದಿದ್ದು ನನ್ನ ಮಾತಿಗಿ, ಬೇಟಿ. ಮತ್ತ ನಿಂದ್ರು.”

ಅದನ್ನೆಲ್ಲ ಶುದ್ಧಪ್ರತಿ ಮಾಡಿದವನು ಆಫೀಸಿನ ಗುಮಾಸ್ತ, ನಾನು. ಅಚ್ಚಿಗೆ ಮುಂಚೆ ಕರಡು ಬಂದಾಗ ನಿಮ್ಮ ಹೆಸರಿಲ್ಲದ್ದು ಕಂಡಿತ್ತು. ಬಾಯಿ ಬಿಡಲಿಲ್ಲ. ನಾನಿರುವ ಕ್ವಾರ್ಟರ್ಸ್ ಮಾಲೀಕರದು, ಮಕ್ಕಳು ಸಣ್ಣವರು, ಹಾಗೆ ಹೀಗೆ...

ಹೋದ ವಾರ ಮಾಲೀಕರು ಕರೆದರು. ಹೊಸ ಯಂತ್ರ ಬಂದಿದೆ. “ಹಳೀ ಪುಸ್ತಕಕ್ಕ ಹೊಸಾ ಪುಟ ಸೇರಿಸಪ್ಪಾ. ಹೆಸರು ಅಳಿಯಂದೇ ಇರಲಿ. ಆಗಲ್ಲಂದ್ರ ಮನಿ ಖಾಲಿ ಮಾಡು. ಪುಸ್ತಕ ಇಲ್ದೇನೂ ಮಷಿನ್ ಮಾರ್ತೀನಿ.”

ಬರೆದುಕೊಟ್ಟರೆ ನಿಮ್ಮನ್ನು ನಾನೇ ಎರಡನೇ ಸಲ ಹೂಳಿದಂತೆ. ಕೊಡದಿದ್ದರೆ ಯಾವ ಗಣಿಯಲ್ಲಿ ಯಾರ ಬೆರಳು ಹೋಗುತ್ತದೋ. ಯಾವ ಕಡೆ ತಿರುಗಲಿ, ಹೇಳಿ?

ಪುಟ ಬರೆದೆ. ಕೊಡಲು ಕಾಲು ಬರಲಿಲ್ಲ. ನಾಗಮ್ಮನ ಮುಂದೆ ಅತ್ತುಬಿಟ್ಟೆ. ಆಕೆ ಗದರಿದಳು: “ಮಾಲಕಗ ಯಾಕ ಕೊಡ್ತಿ? ಗಣ್ಯಾಗಿನ ಮಂದಿಗಿ ಓದಿ ಹೇಳು. ಕೇಳಿದ್ದು ಕೈಯಾಗ ಉಳೀತದ. ನಾ ಇಲ್ಲೇನು?”

ಚಾಚಾ, ಸುದ್ದಿ ಇದು: ರಟ್ಟಿನ ಮೇಲೆ ನಿಮ್ಮ ಹೆಸರು ಬರುವ ತನಕ ಒಂದೂ ಯಂತ್ರ ಲಾರಿಗೆ ಏರಿಸುವುದಿಲ್ಲ ಎಂದು, ನಾನೂ ನಾಗಮ್ಮನೂ ಹೋಗಿ ಕೇಳಿದ ಮೇಲೆ, ಹಮಾಲರು ಒಪ್ಪಿದ್ದಾರೆ. ಮನೆಯವಳು ಪಾತ್ರೆ ಗಂಟು ಕಟ್ಟಿಟ್ಟಿದ್ದಾಳೆ. ಹೆದರಿಕೆ ಭಾಳ ಇದೆ. ಆದರೂ ಗಣಿ ಮಂದಿಯನ್ನು ಕೂಡಿಸುವ ಸಭೆಯಲ್ಲಿ ಕೈಪಿಡಿ ಓದುವವನು ನಾನೇ. ಮೊದಲ ಸಾಲು: ‘ಬರೆದವರು ಫಿಟ್ಟರ್ ಖಾಸಿಂಸಾಬ’. ಬರುವ ಭಾನುವಾರ, ಸಂಜೆ ನಾಲ್ಕು ಗಂಟೆಗೆ, ಭಂಕೂರಿನ ಶಾಲೆಯ ಬಯಲಲ್ಲಿ.