ಬೆಳ್ಳಿ ಬೆರೆಸದ ಬಿಲ್ಲೆ

ಮಾರ್ಚ್ ೧೪, ಗುರುವಾರ.

ನೆತ್ತಿಗೇರಿದ ಸಿಟ್ಟು ಇನ್ನೂ ಇಳಿದಿಲ್ಲ. ಗಾಜಿನ ಪುಡಿಗೆ ಬೆಳ್ಳಿ ಬೆರೆಸಿದರೆ ಬಿಲ್ಲೆ ಕಡಿಮೆ ಶಾಖದಲ್ಲೇ ಬೆಸೆದು ಗಟ್ಟಿಯಾಗುತ್ತದೆ ಎಂದು ನನ್ನ ಪಿಎಚ್.ಡಿ. ಗೈಡ್ ಮಹಾಶಯರು ಮೂರು ವರ್ಷದಿಂದ ತುತ್ತೂರಿ ಊದುತ್ತಿದ್ದಾರೆ. ಇವತ್ತು ಲ್ಯಾಬಿನ ಅದೇ ಫರ್ನೇಸಿನಿಂದ, ಅದೇ ಶಾಖದಲ್ಲಿ, ಬೆಳ್ಳಿಯೇ ಇಲ್ಲದ ಬಿಲ್ಲೆಯೂ ಅಷ್ಟೇ ಗಟ್ಟಿಯಾಗಿ ಹೊರಬಂತು. ಸಾಂದ್ರತೆ ತಿಳಿಯಲು ನೀರಿನಲ್ಲಿ ಮುಳುಗಿಸಿ ನಾಲ್ಕು ಸಲ ತೂಗಿದೆ, ನಾಲ್ಕು ಸಲವೂ ಅದೇ ಲೆಕ್ಕ.

“ಪುಡಿ ನುಣ್ಣಗಿದೆಯಲ್ಲ, ಅದಕ್ಕೇ ಸಾರ್. ಬೆಳ್ಳಿಯಿಂದ ಅಲ್ಲ” ಅಂದೆ.

“ಅದೊಂದನ್ನ ಫಲಿತಾಂಶದ ಪಟ್ಟಿಯಿಂದ ತೆಗೆದುಬಿಡಮ್ಮ. ಯಾರು ಕೇಳ್ತಾರೆ?” ಅಂದರು, ಕನ್ನಡಕ ಒರೆಸಿಕೊಳ್ಳುತ್ತಾ.

ಅವರನ್ನು ಬೈದು ಪುಟ ತುಂಬಿಸಬಹುದು. ಆದರೆ ಆ ಸಾಲನ್ನು ಅಳಿಸಿದ್ದು ನಾನೇ. ಬಿಲ್ಲೆಯನ್ನು ಎಸೆಯಲು ಮಾತ್ರ ಮನಸ್ಸು ಬರಲಿಲ್ಲ, ಮನೆಗೆ ತಂದೆ.

“ಏನೇ ಇದು?” ಎಂದು ಅಕ್ಕ ಕೈಯಲ್ಲಿ ಹಿಡಿದು ನೋಡಿದಳು.

“ಕೆಟ್ಟುಹೋಗಿದ್ದು” ಅಂದೆ.

ಒಂದೇ ದಿನದಲ್ಲಿ ಎರಡನೇ ಸುಳ್ಳು. ಇದನ್ನು ಯಾರೂ ಹೇಳಿಸಲಿಲ್ಲ.