ಡಿವಿಡಿಯಲ್ಲಿ ಜಾಗವಿತ್ತು

ಬುಧವಾರ, ಮಾರ್ಚ್ ೧೨

ಮುದ್ದಿನ ತಂಗಿಗೆ,

ನಮ್ಮ ಸಂಘ ಕೊಡುತ್ತೇನೆ ಅಂದದ್ದು ಇಷ್ಟು: ಆಸ್ಪತ್ರೆಯ ಲಾಂಡ್ರಿ ಗೇಟಿನಲ್ಲಿ ನಾವು ಧರಣಿ ಕೂತಿದ್ದರ ವಿಡಿಯೊ, ಪೂರ್ತಿ. ಮನೆಗೊಂದು ಡಿವಿಡಿ, ಮನೆಯ ಟಿವಿಯಲ್ಲೇ ಓಡುವಂಥದ್ದು. ಅದರಲ್ಲಿ ಹೆಂಗಸರ ಮಾತು ಮೊದಲು. ಕೊಟ್ಟದ್ದು: ಡಿವಿಡಿ. ಕೊಡದೇ ಹೋದದ್ದು: ಹೆಂಗಸರು.

ತಡವಾಯಿತು, ಬೈದುಕೋ. ಹೇಗಿದ್ದೀಯ? ಚಿಕ್ಕವಳ ಕೆಮ್ಮು ಕಡಿಮೆಯಾಯಿತಾ? ನಿಮ್ಮ ಲಾಂಡ್ರಿಯಲ್ಲಿ ಇನ್ನೂ ಬರಿಗೈಯಲ್ಲೇ ರಕ್ತದ ಬೆಡ್‌ಶೀಟು ಬಿಡಿಸುತ್ತೀರಿ, ನಾವು ದಪ್ಪ ಗ್ಲೌಸ್ ಹೇಗೆ ಗಿಟ್ಟಿಸಿಕೊಂಡೆವು ಅಂತ ನಿನ್ನ ಜೊತೆಯವರಿಗೆ ತೋರಿಸಬೇಕು ಅಂತ ನೀನು ಎರಡು ಸಲ ಹೇಳಿಕಳಿಸಿದ್ದೆ. ಆದರೆ ಸಂಘ ಕೊಟ್ಟ ಆ ಅರೆಬರೆ ಡಿವಿಡಿ ಕಳಿಸೋಕೆ ನನಗೆ ಮನಸ್ಸೇ ಬರಲಿಲ್ಲ ಕಣೇ.

ಅದು ಕೈಗೆ ಬಂದ ದಿನ ನಮ್ಮ ಪಾಳಿಯವರೆಲ್ಲ ನಮ್ಮ ಮನೆಗೇ ಬಂದರು. ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿ ಜಾಗ ಮಾಡಿದೆ. ಟಿವಿಯಲ್ಲಿ ಬಾವುಟ ಬಂತು. ಗೇಟು ಬಂತು. ಸಂಘದ ಕಾರ್ಯದರ್ಶಿ ಬಂದರು. ಭಾಷಣ ಮಾಡಿದರು, ನೀರು ಕುಡಿದರು, ಮತ್ತೆ ಭಾಷಣ ಮಾಡಿದರು. ಮುಗೀತು! ನಮ್ಮ ಇಸ್ತ್ರಿ ಅಜ್ಜಿ, ಇಸ್ತ್ರಿ ಯಂತ್ರದ ಬಿಸಿಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು, ಬಾಯಿ ಬಿಟ್ಟುಕೊಂಡು ನೋಡಿ, “ಇದೇನೇ, ಬಿಸಿಲಲ್ಲಿ ಕೂತಿದ್ದು ನಾವು, ಕಂಡಿದ್ದು ಅವನೊಬ್ಬನೇನಾ?” ಅಂದಳು.

ಕೊಳೆ ಕೂತು ನಮ್ಮನ್ನು ಮುಚ್ಚಿಬಿಟ್ಟಿರಬೇಕು ಅಂತ ಅವಳಿಗೆ ಅನುಮಾನ. ಡಿವಿಡಿಯನ್ನು ಬಚ್ಚಲಿಗೆ ಒಯ್ದು, ರಕ್ತದ ಕಲೆಗೆ ಹಾಕೋ ಪುಡಿ ಹಾಕಿ ಗಸಗಸ ಉಜ್ಜಿ ತಂದಳು. ಲಾಂಡ್ರಿಯವರ ಬುದ್ಧಿ ಎಲ್ಲಿ ಹೋಗುತ್ತೆ ಹೇಳು! ಆಮೇಲೆ ಟಿವಿಯಲ್ಲಿ ಕಾರ್ಯದರ್ಶಿಯೂ ಬರಲಿಲ್ಲ. “ಹೋಗ್ಲಿ ಬಿಡು, ಈಗ ಎಲ್ಲರೂ ಸಮ” ಅಂದಳು ಅಜ್ಜಿ. ನಕ್ಕು ನಕ್ಕು ಸಾಕಾಯಿತು. ಮನೆ ಖಾಲಿಯಾದ ಮೇಲೆ ಅಜ್ಜಿ ಕೇಳಿದ್ದೇ ಕಿವಿಯಲ್ಲಿ ಉಳಿಯಿತು.

ಮರುದಿನ ಸಂಘದ ಕಚೇರಿಗೆ ಹೋಗಿ ಕಾರ್ಯದರ್ಶಿಯನ್ನೇ ಕೇಳಿದೆ. “ಅಣ್ಣಾ, ಇದರಲ್ಲಿ ನಾವೆಲ್ಲಿ?”

“ತಾಯಿ, ಜಾಗ ಸಾಲಲಿಲ್ಲವಂತೆ. ಮುಖ್ಯವಾದ್ದು ಹಾಕಿಸಿದೀವಿ.”

“ಮುಖ್ಯವಾದ್ದು ಯಾವುದು? ಬೆಡ್‌ಶೀಟಿನಲ್ಲಿ ಅಡಗಿ ಬರೋ ಸೂಜಿ ಚುಚ್ಚಿಸಿಕೊಂಡಿದ್ದು ನಿಮ್ಮ ಕೈಯಾ, ನಮ್ಮ ಕೈಯಾ?”

“ಯಾರು ಮಾತಾಡಿದರೇನಮ್ಮ, ಎಲ್ಲಾ ಒಂದೇ ಅಲ್ವಾ?”

“ಒಂದೇ ಆದ್ರೆ ನಿಮ್ಮದೊಂದು ಭಾಷಣ ತೆಗೆದು ಅಜ್ಜಿದು ಹಾಕಿ!”

ಕನ್ನಡಕ ಒರೆಸಿಕೊಳ್ಳುತ್ತಾ ಕೂತರು. ಗೇಟಿನಾಚೆಯ ಆಡಳಿತದವರು ಇದೇ ಮಾತು ಆಡಿದ್ದರೆ ಘೋಷಣೆ ಕೂಗುತ್ತಿದ್ದೆವು. ನಮ್ಮವರೇ ಆಡಿದರೆ ಸುಮ್ಮನಿರಬೇಕಾ?

ಕಚೇರಿಯ ಟೈಪಿಸ್ಟಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ನಾನೇ ಕಂಪ್ಯೂಟರ್ ಹಿಡಿದೆ. ಕ್ಯಾಮೆರಾದಿಂದ ಇಳಿಸಿದ ಫೈಲುಗಳೆಲ್ಲ ಅಲ್ಲೇ ಇದ್ದವು. ಮೊದಲ ಸಲ ಅವನ್ನು ಇದ್ದಂತೆಯೇ ಡಿವಿಡಿಗೆ ತುಂಬಿದೆ. ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿತು, ಮನೆಯ ಪ್ಲೇಯರ್ ಉಗುಳಿಬಿಟ್ಟಿತು. ಒಗೆಯೋಕೆ ಬಂದದ್ದನ್ನು ಹಾಗೇ ಮೂಟೆ ಕಟ್ಟಿ ವಾರ್ಡಿಗೆ ವಾಪಸ್ ಕಳಿಸಿದ ಹಾಗೆ! ಟಿವಿಗೆ ಒಗ್ಗುವಂತೆ ಮೊದಲು ಫೈಲನ್ನು ಬದಲಾಯಿಸಿಕೊಳ್ಳಬೇಕು, ಆಮೇಲೆ ಡಿವಿಡಿಗೆ ರೈಟ್ ಮಾಡಬೇಕು. ಅದಕ್ಕೊಂದು ಪ್ರೋಗ್ರಾಮ್ ಇದೆ. ಎಷ್ಟು ತುಂಬಿತು ಅಂತ ಅದರ ಕೆಳಗೊಂದು ಪಟ್ಟಿ ಹಸಿರಾಗುತ್ತಾ ಹೋಗುತ್ತೆ. ಕಾರ್ಯದರ್ಶಿಯ ಭಾಷಣಗಳನ್ನೆಲ್ಲ ಹಾಕಿ ನೋಡಿದೆ. ಪಟ್ಟಿ ಅರ್ಧಕ್ಕೂ ಬರಲಿಲ್ಲ. ತಂಗಿ, ಒಗೆಯೋ ಡ್ರಮ್ಮು ತುಂಬಿದ್ದು ಯಾವುದು, ಖಾಲಿ ಯಾವುದು ಅಂತ ನನಗೆ ಯಾರಾದರೂ ಹೇಳಿಕೊಡಬೇಕಾ? ಅಜ್ಜಿಯ ಮಾತು ಹಾಕಿದೆ. ಎಲ್ಲ ಹೆಂಗಸರ ಮಾತೂ ಹಾಕಿದೆ. ನನ್ನದೂ ಹಾಕಿದೆ. ಇನ್ನೂ ಜಾಗವಿತ್ತು!

ಅದೇ ಡಿವಿಡಿ ಈ ಲಕೋಟೆಯಲ್ಲಿದೆ. ನಮ್ಮ ಟಿವಿಯಲ್ಲಿ ಕಡೆಯವರೆಗೂ ಓಡಿಸಿ ನೋಡಿಯೇ ಕಳಿಸಿದ್ದೇನೆ. ಅಂಚು ಹಿಡಿದು ಹಾಕು. ದಯವಿಟ್ಟು ತೊಳೆಯಬೇಡ. ನಿನ್ನ ಜೊತೆಯವರನ್ನೆಲ್ಲ ಮನೆಗೆ ಕರೆದು ತೋರಿಸು. “ನಮ್ಮ ಕೈಲಾಗುತ್ತಾ” ಅಂತ ಯಾರಾದರೂ ಅಂದರೆ, ಅಜ್ಜಿ ಮಾತಾಡೋ ಜಾಗವನ್ನು ಇನ್ನೊಂದು ಸಲ ಹಾಕು.

ನಿನ್ನ ಕೈಗೆ ಒಂದು ಗೀರೂ ಬೀಳದಿರಲಿ. ಮಕ್ಕಳು ಚೆನ್ನಾಗಿರಲಿ. ಯಾರ ಮುಂದೆಯೂ ನಿನ್ನ ದನಿ ತಗ್ಗದಿರಲಿ.

ನಿನ್ನ
ಅಕ್ಕ

ಮ.ಬ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಆಗಲಿಲ್ಲ. ಜಾಗ ಸಾಲಲಿಲ್ಲ ಅಂತ ಕಾರ್ಯದರ್ಶಿಗೆ ಹೇಳಿದ್ದು ನಿನ್ನ ಭಾವ. ಸಂಘದ ಕಂಪ್ಯೂಟರ್ ಕೆಲಸ ಅವರದೇ ತಾನೇ, ನಮ್ಮನ್ನು ಕತ್ತರಿಸಿದ್ದೂ ಅವರೇ. ನನಗೆ ಸೂಜಿ ಚುಚ್ಚಿದ್ದನ್ನು ಗೇಟಿನಲ್ಲಿ ಕೈ ಎತ್ತಿ ತೋರಿಸಿ ಹೇಳಿದ್ದೆನಲ್ಲ, “ಅದನ್ನ ಮನೆಮನೆ ಟಿವಿಯಲ್ಲಿ ನೋಡಿ ಜನ ನಿನಗೇನೋ ಅಂಟಿದೆ ಅನ್ನಲ್ವಾ? ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?” ಅಂದರು. ಅಜ್ಜಿಯನ್ನು ಯಾಕೆ ತೆಗೆದಿರಿ ಅಂತ ಕೇಳಿದೆ. “ನಿನ್ನದೊಂದೇ ತೆಗೆದಿದ್ರೆ ಗೊತ್ತಾಗ್ತಿತ್ತು” ಅಂದರು.

ರಕ್ತಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದು ಎಷ್ಟೋ ಕಾಲವಾಯಿತು ತಂಗಿ. ಇವತ್ತಿಗೂ ಈ ಮನೆಯಲ್ಲಿ ನನ್ನ ಲೋಟ ಬೇರೆ. ಅವರೇ ಎತ್ತಿ ಬೇರೆ ಗೂಡಿನಲ್ಲಿ ಇಡುತ್ತಾರೆ, ಬೆರಳ ತುದಿಯಲ್ಲಿ ಹಿಡಿದು.

ಸಂಘದ ಸಭೆಯಲ್ಲಿ ಪೂರ್ತಿ ಡಿವಿಡಿ ಹಾಕಿಸುತ್ತಿದ್ದೇನೆ. ಆಮೇಲೆ ಲೋಟದ ಮಾತೂ ಎತ್ತುತ್ತೇನೆ, ಅವರು ಅಲ್ಲೇ ಕೂತಿರುವಾಗ. ನೀನು ನನ್ನ ಪಕ್ಕದಲ್ಲಿರಬೇಕು. ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.